ಸೀಲು ಒಡೆದು ಮಾಡಿದ ಆಯುಧಪೂಜೆ

ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಕಾದೆ. ಇಳಿಯಲಿಲ್ಲ. ಬೆನ್ನುನೋವಿನ ಕಾರಣಕ್ಕೆ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡು ಆಂಧ್ರದ ಗಡಿಯ ಹಿಂದೂಪುರದ ಮನೆಯಲ್ಲಿ ಕೂತೆ. ಬೆನ್ನು ಸರಿಹೋಯಿತು, ಸಿಟ್ಟು ಹಾಗೆಯೇ ಉಳಿಯಿತು. ಹುಣಸೆಹಣ್ಣಿನ ನಾರು ಬಿಡಿಸುವಾಗ, ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಅದೂ ಬಂದು ಪಕ್ಕದಲ್ಲಿ ಕೂರುತ್ತದೆ. ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಎಂದು ಬರೆಯುತ್ತಿದ್ದೇನೆ.

ಪೊಲೀಸಿನಲ್ಲಿ ಕಂಪ್ಯೂಟರ್ ತನಿಖೆಯ ಕೆಲಸಕ್ಕೆ ಈಗ ಸೇರುವ ಮಕ್ಕಳು ಆಗಾಗ ಮನೆಗೆ ಬರುತ್ತಾರೆ. ಅವರ ಹತ್ತಿರ ಒಳ್ಳೊಳ್ಳೆಯ ಯಂತ್ರಗಳಿವೆ. ಒಂದು ಡಿಸ್ಕಿನಲ್ಲಿರುವುದನ್ನು ಒಂದಕ್ಷರವೂ ಅಲುಗದಂತೆ ಇನ್ನೊಂದಕ್ಕೆ ಇಳಿಸಿಕೊಳ್ಳುತ್ತಾರಂತೆ. ಸಂತೋಷ. ಆದರೆ ಅವರು ಕೇಳುವುದು ಒಂದೇ: "ಮೇಡಂ, ನಿಮ್ಮ ಕಾಲದಲ್ಲಿ ಏನೂ ಇಲ್ಲದೆ ಹೇಗೆ ಮಾಡುತ್ತಿದ್ದಿರಿ?" ಏನೂ ಇಲ್ಲದೆ ಅಲ್ಲ ಮಕ್ಕಳೇ. ಅರಗು ಇತ್ತು, ಬಿಳಿ ಬಟ್ಟೆ ಇತ್ತು, ಸೂಜಿ ದಾರ ಇತ್ತು. ನಾವು ಕೆಡಿಸಿದ್ದು ಸಲಕರಣೆ ಇಲ್ಲದ್ದರಿಂದಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾನು ಹೆಡ್ ಕಾನ್‌ಸ್ಟೇಬಲ್. ಮದುವೆಗೆ ಮೊದಲು ಟೈಪಿಂಗ್ ಲೋಯರ್ ಪಾಸು ಮಾಡಿದ್ದೆ, ಅದೇ ತಪ್ಪಾಯಿತು. ಕಂಪ್ಯೂಟರ್ ಅಪರಾಧದ ಬಗ್ಗೆ ತರಬೇತಿಗೆ ಜನ ಕಳಿಸಿ ಎಂದು ಮೇಲಿನಿಂದ ಕಾಗದ ಬಂದಾಗ ಟೈಪ್ ಬರುವವರು ಯಾರೆಂದು ಹುಡುಕಿ ನನ್ನನ್ನು ಹೈದರಾಬಾದಿಗೆ ಅಟ್ಟಿದರು. ನಾಲ್ಕು ದಿನದ ಪಾಠ. ನೆಗಡಿಯಾಗಿದ್ದ ಒಬ್ಬ ಸಣಕಲು ಮೇಷ್ಟ್ರು ಮೂಗು ಒರೆಸಿಕೊಳ್ಳುತ್ತಾ ಹೇಳಿದ ಎರಡು ಮಾತು ಮಾತ್ರ ನನ್ನ ತಲೆಗೆ ಹೋದವು. ಯಂತ್ರ ಆಫ್ ಆಗಿದ್ದರೆ ಯಾವ ಕಾರಣಕ್ಕೂ ಆನ್ ಮಾಡಬೇಡಿ. ಆನ್ ಆಗಿದ್ದರೆ ಪರದೆಯ ಮೇಲೆ ಕಂಡದ್ದನ್ನೆಲ್ಲ ಬರೆದುಕೊಂಡು ಆಮೇಲೆ ವೈರು ಕೀಳಿ. ವಾಪಸು ಬಂದಾಗ ನನಗೊಂದು ಹೆಸರೂ ಬಿದ್ದಿತ್ತು: ಕಂಪ್ಯೂಟರಮ್ಮ. ಕಂಪ್ಯೂಟರ್ ಮಾತ್ರ ನಮ್ಮ ಯಾವ ಠಾಣೆಯಲ್ಲೂ ಇರಲಿಲ್ಲ.

ನನ್ನ ಮೊದಲ ಕೇಸು ಹಿಂದೂಪುರದ್ದು. ಹುಣಸೆ ಮಂಡಿಯ ವ್ಯಾಪಾರಿಯೊಬ್ಬರ ಮಗಳ ಫೋಟೋವನ್ನು ಯಾರೋ ಕಂಪ್ಯೂಟರಿನಲ್ಲಿ ಕೆಟ್ಟದಾಗಿ ತಿದ್ದಿ, ಫ್ಲಾಪಿಯಲ್ಲಿ ಹಾಕಿ ಆಕೆಯನ್ನು ನೋಡಲು ಬಂದಿದ್ದ ಗಂಡಿನ ಮನೆಗೆ ಕಳಿಸಿದ್ದರು. ಆ ತಂದೆ ಹಣೆಗೆ ವಿಭೂತಿ ಹಚ್ಚಿದ್ದ ದೊಡ್ಡ ಮನುಷ್ಯ. ಫ್ಲಾಪಿಯನ್ನು ಕರ್ಚೀಫಿನಲ್ಲಿ ಸುತ್ತಿ ತಂದು ಠಾಣೆಯ ರೈಟರ್ ಕೈಗೆ ಕೊಟ್ಟರು. ನಾನು ಅಲ್ಲಿಗೆ ಹೋಗುವ ಹೊತ್ತಿಗೆ ರೈಟರ್ ತನ್ನ ಕೆಲಸ ಮುಗಿಸಿದ್ದ. ಇಪ್ಪತ್ತೈದು ವರ್ಷದಿಂದ ಯಾವ ದಾಖಲೆ ಬಂದರೂ ಅಂಚಿನಲ್ಲಿ ಪಂಚಿಂಗ್ ಮೆಷಿನ್ನಿನಿಂದ ತೂತು ಹೊಡೆದು, ಟ್ಯಾಗ್ ಪೋಣಿಸಿ, ಫೈಲಿಗೆ ಕಟ್ಟುವುದು ಅವನ ಪದ್ಧತಿ. ಫ್ಲಾಪಿಗೂ ಹೊಡೆದಿದ್ದ. ಒಳಗಿನ ತಟ್ಟೆಯೂ ಸೇರಿ ತೂತಾಗಿತ್ತು. ಟ್ಯಾಗಿನ ಗಂಟು ಬಹಳ ಅಚ್ಚುಕಟ್ಟಾಗಿತ್ತು.

"ಏನಣ್ಣ ಇದು?" ಎಂದೆ.

"ಕಳೆದುಹೋದರೆ ನೀನು ಕೊಡ್ತೀಯೇನಮ್ಮ? ಟ್ಯಾಗ್ ಹಾಕಿದ್ರೆ ಎಲ್ಲಿಗೂ ಹೋಗಲ್ಲ," ಎಂದ.

ಎಲ್ಲಿಗೂ ಹೋಗಲಿಲ್ಲ. ಆ ಫೈಲಿನಲ್ಲೇ ಇದೆ, ಬಹುಶಃ ಈಗಲೂ. ವ್ಯಾಪಾರಿಗೆ ವಿಷಯ ಹೇಳಿದೆ. ಆ ಮನುಷ್ಯ ಕೂಗಾಡಲಿಲ್ಲ. "ಹೋಗ್ಲಿ ಬಿಡಮ್ಮ, ನೀವು ನೋಡದಿದ್ದುದೇ ಒಳ್ಳೇದಾಯ್ತು," ಎಂದು ಕರ್ಚೀಫನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದರು. ಆ ಹುಡುಗಿಯ ಹೆಸರನ್ನು ಆಮೇಲೆ ಠಾಣೆಯಲ್ಲಿ ಯಾರೂ ಎತ್ತಲಿಲ್ಲ. ಕೇಸು ಮುಚ್ಚಿತು. ಅವತ್ತು ನನಗೆ ನಗುವೂ ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಊಟದ ಹೊತ್ತಿಗೆ ಮಹಿಳಾ ಕಾನ್‌ಸ್ಟೇಬಲ್‌ಗಳಿಗೆ ಹೇಳಿ ನಗಿಸಿದೆ. ಹಾಗೆ ನಗುವುದನ್ನು ಕಲಿತದ್ದೇ ನಮ್ಮ ಮೊದಲ ಕೇಡು. ಪದ್ಧತಿ ಪ್ರಕಾರ ಮಾಡಿದ ತಪ್ಪಿಗೆ ನಮ್ಮಲ್ಲಿ ಯಾವತ್ತೂ ಶಿಕ್ಷೆಯಿಲ್ಲ.

ಅದು ಅಲ್ಲಿಗೇ ನಿಂತಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಗಿರಿಜಾಳ ಕೇಸು ಬಂತು.

ಕಲ್ಯಾಣದುರ್ಗದಲ್ಲಿ ಒಂದು ಡಿ.ಟಿ.ಪಿ. ಅಂಗಡಿ. ಲಗ್ನಪತ್ರಿಕೆ, ಅರ್ಜಿ, ತಿಥಿ ಕಾರ್ಡು, ತೆಲುಗಿನಲ್ಲೂ ಕನ್ನಡದಲ್ಲೂ ಹೊಡೆದುಕೊಡುತ್ತಿದ್ದರು. ಕುಂದುರ್ಪಿ ಕಡೆಯ ಗಿರಿಜಾ ಅಲ್ಲಿ ಟೈಪು ಮಾಡುವವಳು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಒಂದು ಮಂಡಲ ಕಂದಾಯ ಕಚೇರಿಯ ಸೀಲು, ಸಹಿಗಳನ್ನು ಸ್ಕ್ಯಾನ್ ಮಾಡಿ ಖೋಟಾ ಜಾತಿ ಪ್ರಮಾಣಪತ್ರಗಳನ್ನು ಆ ಅಂಗಡಿಯಲ್ಲಿ ತಯಾರಿಸುತ್ತಿದ್ದಾರೆಂದು ದೂರು ಬಂತು. ಎಸ್ಸೈ, ನಾನು, ಮೂವರು ಕಾನ್‌ಸ್ಟೇಬಲ್‌ಗಳು ಮಧ್ಯಾಹ್ನ ಹೋದೆವು. ಯಾವ ಠಾಣೆಯವರು ಎಂದು ಬರೆಯುವುದಿಲ್ಲ. ಅಲ್ಲಿದ್ದವರಿಗೆ ಗೊತ್ತು.

ಯಂತ್ರ ಆನ್ ಆಗಿತ್ತು. ಅಂಗಡಿಯ ಯಜಮಾನ ಅದರ ಮುಂದೆ ಕೂತಿದ್ದವನು ನಮ್ಮನ್ನು ಕಂಡು ಎದ್ದು ನಿಂತ. "ನಂಗೆ ಅದನ್ನ ಮುಟ್ಟಾಕೂ ಬರಲ್ಲ ಸಾರ್. ಅವಳೇ ಎಲ್ಲ. ಊಟಕ್ಕೆ ಹೋಗವ್ಳೆ," ಎಂದ. ನಾನು ಮೇಷ್ಟ್ರು ಹೇಳಿದ್ದನ್ನು ನೆನಪಿಸಿಕೊಂಡು, ಪರದೆಯ ಮೇಲಿದ್ದ ಪಟ್ಟಿಯನ್ನು ನನ್ನ ಜೇಬುಪುಸ್ತಕದಲ್ಲಿ ಬರೆದುಕೊಂಡೆ. ಹನ್ನೊಂದು ಪ್ರಮಾಣಪತ್ರಗಳ ಫೈಲು. ಪ್ರತಿಯೊಂದರ ಮುಂದೆ ಅದನ್ನು ಕೊನೆಯ ಸಲ ಬರೆದಿಟ್ಟ ದಿನಾಂಕ. ಹನ್ನೊಂದೂ ಒಂದೇ ದಿನದವು. ಅವತ್ತಿನ ತಾರೀಖನ್ನು ಯಂತ್ರ ಸರಿಯಾಗಿ ತೋರಿಸುತ್ತಿದೆಯೇ ಎಂದೂ ನೋಡಿದೆ. ಸರಿಯಾಗಿತ್ತು. ಆಮೇಲೆ ವೈರು ಕಿತ್ತೆ. ಪರದೆ, ಕೀಬೋರ್ಡುಗಳನ್ನೂ ಜೊತೆಗೆ ಎತ್ತಿಕೊಂಡೆವು. ಪೆಟ್ಟಿಗೆಯನ್ನು ಬಿಳಿ ಬಟ್ಟೆಯಲ್ಲಿ ಹೊಲಿದು, ಹೊಲಿಗೆಯ ಮೇಲೆ ಅರಗು ಸುರಿದು ಮುದ್ರೆ ಒತ್ತಿದೆ. ದಿಂಬಿಗೆ ಗವಸು ಹೊಲಿದ ಹಾಗೆ ಒಳ್ಳೆಯ ಒತ್ತು ಹೊಲಿಗೆ ಹಾಕಿದ್ದೆ. ಅದರ ಬಗ್ಗೆ ನನಗೆ ಜಂಭವೂ ಇತ್ತು.

ಪಂಚನಾಮೆಯಲ್ಲಿ ಆ ದಿನಾಂಕಗಳನ್ನು ಬರೆಸಿ ಎಂದು ಎಸ್ಸೈಗೆ ಹೇಳಿದೆ. ಪಂಚರು ಇಬ್ಬರು: ಒಬ್ಬ ಟೀ ಅಂಗಡಿಯವನು, ಇನ್ನೊಬ್ಬ ಟೈಲರ್. ಎಸ್ಸೈ ನಕ್ಕ. "ಟೀ ಅಂಗಡಿಯವನಿಗೆ ಫೈಲ್ ಡೇಟು ಅಂದರೇನು ಅಂತ ಲಾಯರ್ ಕೋರ್ಟಲ್ಲಿ ಕೇಳಿದರೆ ಅವನು ಏನು ಹೇಳ್ತಾನೆ? ಇರೋದನ್ನೂ ಕೆಡಿಸ್ತೀಯಾ? ಒಂದು ಕಂಪ್ಯೂಟರ್ ಅಂತ ಬರಿ, ಸಾಕು." ಹಾಗೇ ಬರೆದೆವು. ದಿನಾಂಕ ನನ್ನ ಜೇಬಿನಲ್ಲಿ ಉಳಿಯಿತು.

ಗಿರಿಜಾಳನ್ನು ಕರೆತಂದು ತೆಲುಗಿನಲ್ಲಿ ಗದರಿಸಿ ಕೇಳುತ್ತಿದ್ದರು. ಅವಳಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು. ಹೆದರಿದಾಗ ಮಾತ್ರ ಬಾಯಲ್ಲಿ ಕನ್ನಡವೇ ಬರುತ್ತಿತ್ತು. ನನ್ನನ್ನು ನೋಡಿ, "ಅಕ್ಕಾ, ನೀವಾದ್ರೂ ಕೇಳಿ. ನಾನ್ ಹೆರಿಗೆಗೆ ಅಂತ ಕಂಬದೂರಿಗೆ ನಮ್ಮಮ್ಮನ ಮನೆಗೆ ಹೋದೋಳು ಮೂರು ತಿಂಗಳು ಅಂಗಡಿ ಕಡೆ ತಲೆ ಹಾಕಿಲ್ಲ. ಹೋಗೋ ಮುಂಚೆ ಇಂಥ ಕಾಗದ ನಾನ್ ಕಂಡೇ ಇಲ್ಲ. ಬಂದ ಮ್ಯಾಲೆ ನೋಡಿದ್ರೆ ಅವಾಗ್ಲೇ ಕಂಪ್ಯೂಟ್ರಾಗಿದ್ವು ಕಣಕ್ಕಾ," ಎಂದಳು.

"ಯಾರು ಮಾಡಿದ್ದು ಅಂತ ಕೇಳಲಿಲ್ವಾ?"

"ಯಜಮಾನ್ರನ್ನ ಕೇಳ್ದೆ. ನಿನ್ ಕೆಲ್ಸ ನೀನ್ ನೋಡ್ಕೊ ಅಂದ್ರು."

ಮಗು ಹುಟ್ಟಿದ ದಿನ ಕೇಳಿದೆ. ಹೇಳಿದಳು. ಜೇಬುಪುಸ್ತಕ ತೆಗೆದು ಲೆಕ್ಕ ಹಾಕಿದೆ. ಆ ಹನ್ನೊಂದು ಫೈಲುಗಳನ್ನು ಬರೆದಿಟ್ಟದ್ದು ಅವಳಿಗೆ ಹೆರಿಗೆಯಾದ ಹತ್ತೊಂಬತ್ತನೆಯ ದಿನ. ಅವಳು ಕಂಬದೂರಿನಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಮಗುವಿನ ಪಕ್ಕ ಮಲಗಿದ್ದ ದಿನ.

ತೊಡಕು ಎಂದರೆ, ಅಚ್ಚಾಗಿ ಹೊರಗೆ ಹೋಗಿದ್ದ ಪ್ರಮಾಣಪತ್ರಗಳ ಮೇಲೆ ಹಿಂದಿನ ತಾರೀಖು ಹಾಕಿದ್ದರು. ಅವಳು ಹೆರಿಗೆಗೆ ಹೋಗುವ ಮೊದಲಿನ ತಾರೀಖು. ಕಾಗದ ನೋಡಿದರೆ ಅವಳೇ ಮಾಡಿದ್ದು. ಯಂತ್ರ ನೋಡಿದರೆ ಅವಳಲ್ಲ. ಅವಳನ್ನು ಉಳಿಸುವುದು ಆ ಬಿಳಿ ಬಟ್ಟೆಯೊಳಗೆ ಇತ್ತು. ಹೈದರಾಬಾದಿನ ಲ್ಯಾಬಿಗೆ ಕಳಿಸಿ, ಅಲ್ಲಿಯವರು ದಿನಾಂಕ ನೋಡಿ ಬರೆದುಕೊಟ್ಟರೆ ಮುಗಿಯಿತು.

ಲ್ಯಾಬಿಗೆ ಕಳಿಸುವ ಕಾಗದಕ್ಕೆ ಸಹಿ ಆಗಬೇಕಿತ್ತು. ಸಹಿ ಹಾಕುವವರು ಬಂದೋಬಸ್ತಿಗೆ ಹೋಗಿದ್ದರು. ಅಷ್ಟರಲ್ಲಿ ದಸರಾ ಬಂತು. ನಾನು ಎರಡು ದಿನ ರಜೆ ಹಾಕಿ ಹಿಂದೂಪುರಕ್ಕೆ ಬಂದೆ. ಮನೆಯಲ್ಲಿ ಹೊಲಿಗೆ ಮೆಷಿನ್ನು, ಈಳಿಗೆಮಣೆ, ಮನೆಯವರ ಸ್ಕೂಟರು ಎಲ್ಲಕ್ಕೂ ಪೂಜೆ ಮಾಡಿದೆ. ನನ್ನಷ್ಟು ಶ್ರದ್ಧೆಯಿಂದ ಆಯುಧಪೂಜೆ ಮಾಡುವವರು ನಮ್ಮ ಬೀದಿಯಲ್ಲಿ ಇಲ್ಲ. ಆದ್ದರಿಂದ ಮುಂದಿನದನ್ನು ಯಾರೂ ದೇವರ ಮೇಲಿನ ಸಿಟ್ಟು ಎಂದು ಓದಬಾರದು.

ರಜೆ ಮುಗಿಸಿ ಠಾಣೆಗೆ ಹೋದರೆ, ಮೇಜಿನ ಮೇಲೆ ಗಿರಿಜಾಳ ಕೇಸಿನ ಕಂಪ್ಯೂಟರ್ ಕೂತಿತ್ತು. ಪೆಟ್ಟಿಗೆಗೆ ಮೂರು ಪಟ್ಟೆ ವಿಭೂತಿ, ಚೆಂಡುಹೂವಿನ ಹಾರ. ಪರದೆಯ ನಾಲ್ಕು ಮೂಲೆಗೂ ಕುಂಕುಮ. ಮುಂದೆ ಕುಯ್ದ ನಿಂಬೆಹಣ್ಣು. ನನ್ನ ಬಿಳಿ ಬಟ್ಟೆಯನ್ನು ಹೊಲಿಗೆಯ ಗುಂಟ ಜೋಪಾನವಾಗಿ ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಅದರ ಕೆಳಗೆ ಹಾಸಿದ್ದರು. ಅರಗಿನ ಚೂರುಗಳು ಬಟ್ಟೆಯ ಅಂಚಿನಲ್ಲಿ ಇನ್ನೂ ಅಂಟಿಕೊಂಡಿದ್ದವು.

ರಾಮಾಂಜಿ ಎಂಬ ಕಾನ್‌ಸ್ಟೇಬಲ್ ಓಡಿ ಬಂದ. ಮುಖದ ತುಂಬ ನಗು. "ಮೇಡಂ, ನೀವಿಲ್ಲ ಅಂತ ನಿಮ್ ಕಂಪ್ಯೂಟ್ರುನ ಬಿಟ್ಬುಡ್ಲಿಲ್ಲ. ರೈಫಲ್‌ಗೆ ಮಾಡಿ, ಜೀಪಿಗೆ ಮಾಡಿ, ಇದಕ್ಕೆ ಮಾಡ್ದಿದ್ರೆ ಹೆಂಗೆ ಅಂತ ಸರ್ಕಲ್ ಸಾಹೇಬ್ರೇ ಅಂದ್ರು. ನಿಮ್ ಪಾಲಿನ ಬೊರುಗು ಬೆಲ್ಲ ಎತ್ತಿಟ್ಟೀನಿ, ತಗೊಳ್ಳಿ."

"ಸೀಲ್ ಯಾಕೆ ಒಡೆದಿರಿ ರಾಮಾಂಜಿ?"

"ಬಟ್ಟೆ ಮ್ಯಾಲೆ ಪೂಜೆ ಮಾಡಾಕಾಯ್ತದಾ ಮೇಡಂ? ಹೆಣಕ್ಕೆ ಮಾಡ್ದಂಗೆ ಕಾಣ್ತದೆ."

"ಆನ್ ಮಾಡಿದಿರಾ?"

"ಮೊದಲ್ನೇ ದಿನ ಇಲ್ಲ. ಪೂಜೆ ದಿನ ಆಯುಧ ಮುಟ್ಟಬಾರದಲ್ವ? ಮಾರ್ನೇ ದಿನ ವಿಜಯದಶಮಿ, ಒಂದ್ಸಲ ನಡೆಸ್ಲೇಬೇಕು. ಜೀಪ್ನ ನಿಂಬೆಹಣ್ಣಿನ ಮ್ಯಾಲೆ ಹತ್ಸಿದ್ವಿ, ರೈಫಲ್ ಬೋಲ್ಟ್ ಎಳೆದ್ವಿ, ಇದನ್ನ ಆನ್ ಮಾಡಿ 'ಶ್ರೀ' ಅಂತ ಒಂದಕ್ಷರ ಹೊಡುದ್ವಿ."

ಒಂದಕ್ಷರಕ್ಕೆ ನಿಲ್ಲಲಿಲ್ಲ. ತನ್ನ ಮನೆಯ ಪಕ್ಕದ ಕಂಪ್ಯೂಟರ್ ಅಂಗಡಿಯಲ್ಲಿ ಅಷ್ಟಿಷ್ಟು ಟೈಪು ಕಲಿತಿದ್ದ ರಾಮಾಂಜಿ, ಎಲ್ಲರೂ ಸುತ್ತ ನಿಂತು ನೋಡುತ್ತಿದ್ದುದರಿಂದ ಹುಮ್ಮಸ್ಸಿಗೆ ಬಿದ್ದು ಆ ಹನ್ನೊಂದು ಫೈಲುಗಳನ್ನೂ ಒಂದೊಂದಾಗಿ ತೆರೆದು ತೋರಿಸಿದ್ದ. ಒಂದರಲ್ಲಿ ಹೆಸರಿನ ಜಾಗ ಅಳಿಸಿ, ತಮಾಷೆಗೆ, ಸರ್ಕಲ್ ಸಾಹೇಬರ ಹೆಸರು ಹೊಡೆದಿದ್ದ. ಸಾಹೇಬರೂ ನಕ್ಕರಂತೆ. ಮುಚ್ಚುವಾಗ ಪ್ರತಿ ಫೈಲಿಗೂ ಯಂತ್ರ ಏನೋ ಕೇಳಿತಂತೆ, ಪ್ರತಿಸಲವೂ 'ಎಸ್' ಒತ್ತಿದನಂತೆ. ಹನ್ನೊಂದು ಸಲ. ಹನ್ನೊಂದು ಫೈಲಿನ ಹಳೆಯ ತಾರೀಖೂ ಹೋಗಿ, ಆ ಜಾಗದಲ್ಲಿ ವಿಜಯದಶಮಿಯ ತಾರೀಖು ಕೂತಿತು.

ನಾನು ಆ ಮಂಡಕ್ಕಿಯ ಪೊಟ್ಟಣವನ್ನು ಮೇಜಿನ ಮೇಲೆ ಕುಕ್ಕಿ ಹೊರಗೆ ಹೋಗಿ ನಿಂತೆ. ಬಯ್ಯುವುದು ಯಾರನ್ನು? ಅವರು ನನಗೆ ಒಳ್ಳೆಯದಾಗಲೆಂದು ಮಾಡಿದ್ದರು. ಸರ್ಕಲ್ ಸಾಹೇಬರನ್ನು ಬಯ್ಯಬಹುದಿತ್ತು. ಬಯ್ಯಲಿಲ್ಲ. ಈಗ ಬಯ್ಯುತ್ತೇನೆ. ಠಾಣೆಗೆ ಒಂದು ಕಂಪ್ಯೂಟರ್ ಕೊಡಿಸಲು ಕೈಲಾಗದ ಅಧಿಕಾರಿ, ಕೇಸಿನ ಮಾಲಿಗೆ ಹೂವು ಮುಡಿಸಿ ನಿಂತ. ಕೊಲೆ ಕೇಸಿನ ಮಚ್ಚು ಇದ್ದಿದ್ದರೆ ಅದನ್ನು ತೊಳೆದು ಕುಂಕುಮ ಇಡುತ್ತಿದ್ದನೇ? ಇಡುತ್ತಿರಲಿಲ್ಲ. ಮಚ್ಚಿನ ಮೇಲಿನ ರಕ್ತ ಕಣ್ಣಿಗೆ ಕಾಣುತ್ತದೆ. ದಿನಾಂಕ ಕಾಣುವುದಿಲ್ಲ. ಕಾಣದ್ದನ್ನು ಇಲ್ಲವೆಂದೇ ತಿಳಿಯುವ ಜನರ ಕೈಕೆಳಗೆ ನಾನು ಈ ಕೆಲಸ ಮಾಡಿದ್ದು.

ಹೊಸ ಬಟ್ಟೆಯಲ್ಲಿ ಮತ್ತೆ ಹೊಲಿದು, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೈದರಾಬಾದಿಗೆ ಒಯ್ದೆ. ಪರದೆಯನ್ನು ಒರೆಸಿದ್ದೆ. ಪೆಟ್ಟಿಗೆಯ ಒಳಗನ್ನು ಒರೆಸುವುದು ಹೇಗೆ? ಕೆಲವು ತಿಂಗಳ ಮೇಲೆ ವರದಿ ಬಂತು. ಪೆಟ್ಟಿಗೆಯೊಳಗೆ ಕೆಂಪು ಪುಡಿ ಮತ್ತು ಅರಿಶಿನ ಹಚ್ಚಿದ ಅಕ್ಕಿಕಾಳುಗಳು ಸಿಕ್ಕಿವೆ. ಜಪ್ತಿಯ ನಂತರ ಯಂತ್ರವನ್ನು ಚಾಲೂ ಮಾಡಿ ಫೈಲುಗಳನ್ನು ತಿದ್ದಲಾಗಿದೆ. ಆದ್ದರಿಂದ ದಿನಾಂಕಗಳ ಬಗ್ಗೆ ಯಾವ ಅಭಿಪ್ರಾಯವನ್ನೂ ಕೊಡಲಾಗದು. ಸಿಕ್ಕ ಪ್ರಮಾಣಪತ್ರಗಳ ಪಟ್ಟಿ ಲಗತ್ತಿಸಿದೆ. ಆ ಪಟ್ಟಿಯ ಏಳನೆಯ ಸಾಲಿನಲ್ಲಿ ಸರ್ಕಲ್ ಸಾಹೇಬರ ಹೆಸರು, ಅವರದಲ್ಲದ ಒಂದು ಜಾತಿಯ ಸಮೇತ.

ಸಾಹೇಬರು ಕೋಣೆಗೆ ಕರೆಸಿದರು. ಮಜ್ಜಿಗೆ ಕುಡಿಯುತ್ತಿದ್ದರು.

"ಏಮ್ಮಾ ಕಂಪ್ಯೂಟರಮ್ಮಾ, ನಾಕು ಈ ಸರ್ಟಿಫಿಕೆಟು ಎಪ್ಪುಡು ಇಚ್ಚಾರು?" ಈ ಸರ್ಟಿಫಿಕೆಟನ್ನು ನನಗೆ ಯಾವಾಗ ಕೊಟ್ಟರು ಎಂದು ಕೇಳುತ್ತಿದ್ದಾರೆ, ತಾವೇ ನಕ್ಕ ತಮಾಷೆಯ ಬಗ್ಗೆ.

"ವಿಜಯದಶಮಿ ದಿನ ಸರ್," ಎಂದೆ.

ಲೋಟ ಕೆಳಗಿಟ್ಟರು. ಆ ಏಳನೆಯ ಸಾಲು ಚಾರ್ಜ್‌ಶೀಟಿನಲ್ಲಿ ಬರುವುದಿಲ್ಲ ಎಂದರು. ಸೀಲಿನ ಬಗ್ಗೆ ಯಾರಾದರೂ ಕೇಳಿದರೆ ಬಸ್ಸಿನಲ್ಲಿ ಒಡೆಯಿತು ಎಂದು ಹೇಳಬೇಕು, ಒಯ್ದವಳು ನಾನೇ ಆದ್ದರಿಂದ ಅದು ನನ್ನ ಮಾತಾಗಿಯೇ ಬರಬೇಕು ಎಂದರು. ಗಿರಿಜಾಳ ಗತಿ ಏನು ಸರ್ ಎಂದೆ. "ಮೆಷಿನ್ ಮುಂದೆ ಕೂರೋಳು ಅವಳೇ ತಾನೇ?" ಎಂದು ಮಜ್ಜಿಗೆ ಮುಗಿಸಿದರು.

ಕೇಸು ಮೂರು ವರ್ಷ ಎಳೆಯಿತು. ಗಿರಿಜಾ ಜಾಮೀನಿನ ಮೇಲಿದ್ದಳು. ಅಂಗಡಿಯ ಯಜಮಾನ ಹೊಸ ಕಂಪ್ಯೂಟರ್ ತಂದು, ಹೊಸ ಹುಡುಗಿಯನ್ನಿಟ್ಟುಕೊಂಡು, ಸರ್ಕಾರದ ಪರ ಸಾಕ್ಷಿಯಾಗಿ ಬಂದು ಹೋಗುತ್ತಿದ್ದ.

ನನ್ನ ಸಾಕ್ಷ್ಯದ ದಿನ ಗಿರಿಜಾಳ ವಕೀಲರು ಲ್ಯಾಬಿನ ವರದಿ ಹಿಡಿದುಕೊಂಡೇ ಎದ್ದರು. ಕಂಪ್ಯೂಟರಿನೊಳಗೆ ಅಕ್ಷತೆ ಎಲ್ಲಿಂದ ಬಂತು ಎಂದು ಕೇಳಿದರು. ಸಾಹೇಬರು ಹಿಂದಿನ ಬೆಂಚಿನಲ್ಲಿದ್ದರು. ನಾನು ಬಸ್ಸಿನ ಕಥೆ ಹೇಳಲಿಲ್ಲ. "ಆಯುಧಪೂಜೆ ಮಾಡಿದರು ಸ್ವಾಮಿ. ಸೀಲು ಒಡೆದು, ಆನ್ ಮಾಡಿ," ಎಂದೆ. ಕೋರ್ಟಿನಲ್ಲಿ ಎಲ್ಲರೂ ನಕ್ಕರು. ಜಡ್ಜ್ ಸಾಹೇಬರು ಕೂಡ ಕರ್ಚೀಫು ಬಾಯಿಗೆ ಹಿಡಿದರು. ವಕೀಲರು, "ಇಷ್ಟೇ ಸಾಕು," ಎಂದು ಕೂತುಬಿಟ್ಟರು.

ಜೇಬುಪುಸ್ತಕ ನನ್ನ ಚೀಲದಲ್ಲಿತ್ತು. ಊಟದ ಡಬ್ಬಿಯ ಕೆಳಗೆ. ಯಾರೂ ದಿನಾಂಕದ ಬಗ್ಗೆ ಕೇಳಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು, ಹೆಚ್ಚಿಗೆ ಒಂದು ಮಾತೂ ಆಡಬಾರದು ಎಂದು ನಮಗೆ ಮೊದಲಿನಿಂದ ತಿದ್ದಿ ಬೆಳೆಸಿರುತ್ತಾರೆ. ಅದಕ್ಕಿಂತ ನಿಜವಾದ ಮಾತು: ಒಂದು ಸಲ ಸಾಹೇಬರ ಎದುರು ನಿಂತದ್ದೇ ನನಗೆ ಸಾಕಾಗಿತ್ತು. ದಿನಾಂಕ ಹೇಳಿದರೆ ಪಂಚನಾಮೆಯಲ್ಲಿ ಯಾಕೆ ಬರೆಯಲಿಲ್ಲ ಎಂದು ಕೇಳುತ್ತಾರೆ, ಎಸ್ಸೈ ಮೇಲೆ ಹೇಳಬೇಕಾಗುತ್ತದೆ. ಹೇಗೂ ಅವಳು ಬಿಡುಗಡೆ ಆಗುತ್ತಾಳಲ್ಲ ಎಂದು ಇಳಿದುಬಿಟ್ಟೆ.

ಬಿಡುಗಡೆ ಆದಳು. ಸಾಕ್ಷ್ಯ ಕೆಟ್ಟಿರುವುದರಿಂದ ಸಂಶಯದ ಲಾಭ ಕೊಡಲಾಗಿದೆ ಎಂದು ತೀರ್ಪು. ನನ್ನನ್ನು ಟಪಾಲು ನೋಡುವ ಕೆಲಸಕ್ಕೆ ಹಾಕಿದರು. ಲಕೋಟೆಗಳಿಗೆ ಅಂಟು ಹಚ್ಚುತ್ತಾ, ನಾನು ಧೈರ್ಯಸ್ಥೆ, ಸತ್ಯ ಹೇಳಿ ಶಿಕ್ಷೆ ಅನುಭವಿಸುತ್ತಿರುವವಳು ಎಂದೇ ಅಂದುಕೊಂಡಿದ್ದೆ. ಇದನ್ನು ಬರೆಯುವಾಗ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುವುದು ಅಂಟಿನ ಡಬ್ಬಿಯ ಮುಂದೆ ಕೂತ ಆ ಹೆಂಗಸಿನ ಮೇಲೆ.

ಎರಡು ತಿಂಗಳ ಮೇಲೆ ಗಿರಿಜಾ ನನ್ನನ್ನು ಹುಡುಕಿಕೊಂಡು ಬಂದಳು. ಇಳಿದುಹೋಗಿದ್ದಳು. ಕೃತಜ್ಞತೆ ಹೇಳಲು ಬಂದಿದ್ದಾಳೆ ಎಂದುಕೊಂಡು ಕಾಫಿ ತರಿಸಿದೆ. ಅವಳು ಲೋಟ ಮುಟ್ಟಲಿಲ್ಲ.

"ಅಕ್ಕಾ, ಕುಂಕುಮ, ಅಕ್ಷತೆ ಅಂತ ಕೋರ್ಟ್‌ನಾಗೆ ಹೇಳಿದ್ರಲ್ಲ, ಅದು ನಮ್ಮೂರಿಗೆ ಬೇರೆ ತರ ಬಂದು ಮುಟ್ತು. ನಾನು ಮಾಟ ಮಾಡ್ಸಿ ಕಂಪ್ಯೂಟ್ರು ಬಾಯಿ ಕಟ್ಟಿಸ್ಬುಟ್ಟೆ ಅಂತಾರೆ. ಕೆಂಪು ಪುಡಿ, ಅಕ್ಕಿಕಾಳು, ನಿಂಬೆಹಣ್ಣು ಸಿಕ್ತಂತೆ, ಜಡ್ಜಮ್ಮನ ಮುಂದೇನೇ ಓದಿದ್ರಂತೆ ಅಂತ."

"ಜಡ್ಜು ಗಂಡಸು ಕಣೆ," ಎಂದೆ.

"ಊರೋರಿಗೆ ಯಾರಾದ್ರೇನು? ನಮ್ಮತ್ತೆ ನನ್ನ ಕಂಬದೂರಿಗೆ ಕಳಿಸವ್ರೆ. ಮಗೂನ ಕೊಡ್ಲಿಲ್ಲ. ಮಾಟಗಾತಿ ಕೈಗೆ ಮಗು ಕೊಡಲ್ಲ ಅಂದ್ರು. ನಮ್ಮೋರು ಅವರಮ್ಮನ ಮುಂದೆ ಬಾಯೇ ಬಿಡಲ್ಲ. ಕಂಪ್ಯೂಟ್ರಾಗೆ ಏನಿತ್ತು ಅಂತ ಯಾರಿಗಾದ್ರೂ ಗೊತ್ತಿದ್ದಿದ್ರೆ…"

ನಾನು ಚೀಲದಿಂದ ಪುಸ್ತಕ ತೆಗೆದು ಆ ಪುಟ ತೋರಿಸಿದೆ. ಅವಳು ದಿನಾಂಕ ಓದಿದಳು. ಬೆರಳು ಮಡಿಸಿ ಎಣಿಸಿದಳು.

"ಇದು ಯಾವತ್ತಿಂದ ನಿಮ್ ಹತ್ರ ಐತೆ?"

"ಅಂಗಡಿಗೆ ಬಂದ ದಿನದಿಂದ."

"ಮತ್ತೆ ಕೋರ್ಟ್‌ನಾಗೆ?"

"ಯಾರೂ ಕೇಳಲಿಲ್ಲ."

ಅವಳು ಕೂಗಿದ್ದರೆ ಚೆನ್ನಾಗಿತ್ತು. "ಭಾನುವಾರ ಬತ್ತೀರಾ?" ಎಂದಳು. "ಕೋರ್ಟ್ ಮುಚ್ಚೈತೆ. ನಮ್ಮತ್ತೆ ಮನೆ ಬಾಗ್ಲು ಮುಚ್ಚಿಲ್ಲ. ಅಲ್ಲಿ ಬಂದು ಹೇಳಿ. ಯಾರೂ ಕೇಳ್ದಿದ್ರೂ ಹೇಳಿ."

ಭಾನುವಾರ ಯೂನಿಫಾರ್ಮ್ ಹಾಕಿಕೊಂಡೇ ಹೋದೆ. ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಗಿರಿಜಾ ಕಾದಿದ್ದಳು. ಇಬ್ಬರೂ ಕುಂದುರ್ಪಿ ಬಸ್ಸು ಹತ್ತಿದೆವು. ಇಳಿದು ಒಂದು ಆಟೋ ಹಿಡಿದು ಅವಳ ಗಂಡನ ಊರಿಗೆ ಹೋದೆವು. ಅತ್ತೆ ಹನುಮಕ್ಕ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ನನ್ನ ಬೆಲ್ಟು, ಟೋಪಿ ನೋಡಿ ಏಳಲಿಲ್ಲ.

"ಮತ್ತೇನು ಹಿಡ್ಕೊಂಡು ಹೋಗಾಕೆ ಬಂದೀಯವ್ವಾ?"

ನಾನು ಹೇಳಿದೆ. ಪೂಜೆ ಮಾಡಿದವರು ನಾವು, ಪೊಲೀಸರು. ಮಾಟವಲ್ಲ, ಆಯುಧಪೂಜೆ. ಆ ಕಾಗದಗಳನ್ನು ಮಾಡಿದ ದಿನ ನನ್ನ ಪುಸ್ತಕದಲ್ಲಿದೆ. ಅವತ್ತು ನಿಮ್ಮ ಸೊಸೆ ಹತ್ತೊಂಬತ್ತು ದಿನದ ಬಾಣಂತಿ. ಅವಳು ಮಾಡಿಲ್ಲ.

ಹನುಮಕ್ಕ ಮೊರ ಪಕ್ಕಕ್ಕಿಟ್ಟಳು. "ಇದನ್ನ ಕಚೇರಿನಾಗೆ ಹೇಳ್ದ್ಯಾ?"

"ಇಲ್ಲಮ್ಮ. ಕೇಳಲಿಲ್ಲ."

"ಕೇಳ್ಲಿಲ್ಲ! ನಮ್ ಕುರಿಗೆ ಕಾಯ್ಲೆ ಬಂದ್ರೆ ಅದೇನು ನನ್ನ ಕೇಳು ಅಂತದಾ? ಕಂಡೋನು ಬಾಯಿಬುಡ್ಬೇಕು. ನಿಂಗೆ ಸಂಬಳ ಯಾತಕ್ ಕೊಡ್ತಾರೆ ಕಣಮ್ಮ?"

ಪುಸ್ತಕ ಚೀಲಕ್ಕೆ ಹಾಕಿದೆ. ಹೊರಡಲು ನೋಡಿದೆ.

"ಎಲ್ಲಿಗೆ? ಕೂತ್ಕೊ. ನಮ್ಮೆಜಮಾನ ಕುರಿ ಹೊಡ್ಕೊಂಡು ಬರ್ಲಿ. ಇನ್ನೊಂದ್ಸಲ ಹೇಳು."

ಗಿರಿಜಾಳ ಮಾವ ಬಂದರು, ಹೇಳಿದೆ. ಅಷ್ಟು ಹೊತ್ತಿಗೆ ಗಿರಿಜಾಳ ಗಂಡ ಬಂದು ಕಂಬಕ್ಕೆ ಒರಗಿ ನಿಂತ, ಅವನಿಗೆ ಹೇಳಿದೆ. ಹನುಮಕ್ಕ ಎದುರು ಮನೆಯವಳನ್ನು ಕೂಗಿದಳು: "ಬಾರೆ ಇಲ್ಲಿ, ಬಾಯಿ ಕಟ್ಸವ್ಳೆ ಅಂತ ಮೊದ್ಲು ಅಂದೋಳು ನೀನೇ ಅಲ್ವ? ಕೇಳಿಸ್ಕೊ." ಅವಳಿಗೂ, ಅವಳ ಹಿಂದೆ ಬಂದ ನಾಲ್ವರಿಗೂ ಹೇಳಿದೆ. ಪ್ರತಿಸಲ ಪುಸ್ತಕ ತೆರೆದು ದಿನಾಂಕ ಓದಿದೆ. ಕಲ್ಯಾಣದುರ್ಗಕ್ಕೆ ಹೋಗುವ ಬಸ್ಸಿನ ಹಾರ್ನ್ ದೂರದಲ್ಲಿ ಕೇಳಿತು. ಯಾರೂ ನನಗೆ ಏಳು ಎನ್ನಲಿಲ್ಲ. ಕೋರ್ಟಿನಲ್ಲಿ ಒಂದೇ ಒಂದು ಸಲ ಹೇಳಿದ್ದರೆ ಮುಗಿಯುತ್ತಿದ್ದುದನ್ನು ಆ ಕಟ್ಟೆಯ ಮೇಲೆ ನಾಲ್ಕು ಸಲ ಹೇಳಿದ್ದೆ.

ಗಿರಿಜಾ ಅಷ್ಟು ಹೊತ್ತೂ ಅಂಗಳದ ಅಂಚಿನಲ್ಲೇ ನಿಂತಿದ್ದಳು, ಚಪ್ಪಲಿ ಬಿಡದೆ.

ಆಗ ಮಗು ಎಲ್ಲಿಂದಲೋ ಆಡಿ ಬಂತು. ಮೊಣಕಾಲಿನವರೆಗೂ ಮಣ್ಣು. ತಾಯಿಯನ್ನು ಕಂಡು ಓಡಿ ಹೋಗಲಿಲ್ಲ. ಅಜ್ಜಿಯ ಸೆರಗು ಹಿಡಿದು ನಿಂತು ನೋಡಿತು. ಹನುಮಕ್ಕ ಅದರ ತಲೆಯ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದಳು.

"ಇದಕ್ಕೂ ಹೇಳು."

ನಾನು ಟೋಪಿ ತೆಗೆದು ಮಣ್ಣಿನ ಮೇಲೆ ಕೂತೆ. ಈ ಸಲ ಪುಸ್ತಕ ತೆಗೆಯಲಿಲ್ಲ. "ನಿಮ್ಮಮ್ಮ ಯಾವ ತಪ್ಪೂ ಮಾಡಿಲ್ಲ ಪುಟ್ಟಿ. ಅವತ್ತು ನೀನು ಹುಟ್ಟಿ ಹತ್ತೊಂಬತ್ತು ದಿನ. ನಿಮ್ಮಮ್ಮ ನಿನ್ನ ಪಕ್ಕ ಮಲಗಿದ್ದಳು," ಎಂದೆ.

ಮಗು ನನ್ನನ್ನು ನೋಡಿತು, ಗಿರಿಜಾಳನ್ನು ನೋಡಿತು. "ನೀನು ನೋಡಿದ್ದಾ?" ಎಂದು ಕೇಳಿತು.

ಮೂರು ವರ್ಷದಲ್ಲಿ ಆ ಕೇಸಿನ ಬಗ್ಗೆ ನನ್ನನ್ನು ಸರಿಯಾಗಿ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. "ಹೌದು," ಎಂದೆ. "ಆ ತಾರೀಖು ನೋಡಿದ್ದೆ. ಬರೆದಿಟ್ಟಿದ್ದೆ."